ಹುಲಿಗೆಪ್ಪನ ಮುಂದೆ ಹಾಯದ ಸ್ಕೂಟರು

ಸಿಟ್ಟು ಹುಲಿಗೆಪ್ಪನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಟಿಪ್ಪರ್ ಓಡಿಸಿ ಸೊಂಟ ಹಿಡಿದ ಮೇಲೆ, ಕುಂಕಳ್ಳಿಯ ಕಾರ್ಖಾನೆಗಳ ಹಿಂದಿನ ಬಯಲಿನಲ್ಲಿ ಭಾನುವಾರಕ್ಕೊಮ್ಮೆ ದೊಡ್ಡವರಿಗೆ ಸ್ಕೂಟರ್ ಕಲಿಸಲು ನಿಂತಿದ್ದ. ಅವನಿಗೆ ಗೊತ್ತಿದ್ದ ರೀತಿ ಒಂದೇ, ತನಗೆ ಟಿಪ್ಪರ್ ಕಲಿಸಿದ ಉಸ್ತಾದನದು: ಎದುರಿಗೆ ನಿಲ್ಲಬೇಕು, ಒದರಬೇಕು. ಒದರಿಸಿಕೊಂಡು ಕಲಿತವರೂ ಇದ್ದರು, ಮರುವಾರ ಮುಖ ತೋರಿಸದವರೂ ಇದ್ದರು. ಬಾರದವರನ್ನು ಹೇಡಿಗಳೆಂದು ಬಿಟ್ಟುಬಿಡುತ್ತಿದ್ದ.

ದೇವಿಬಾಯಿ ಹೇಡಿಯಲ್ಲ. ವಿಜಯಪುರದ ಕಡೆಯ ಹೆಣ್ಣುಮಗಳು. ಗಂಡ ರೂಪಲಪ್ಪ ಇವನನ್ನು ಕಾಕಾ ಅನ್ನುತ್ತಿದ್ದುದರಿಂದ ಅವಳಿಗೆ ಇವನು ಮಾವ. ಅವಳು ಕೆಲಸ ಮಾಡುವ ಮೀನಿನ ಕಾರ್ಖಾನೆಯವರು ಕೆಲಸದವರಿಗೆ ಬಸ್ಸು ಕಳಿಸುವುದನ್ನು ನಿಲ್ಲಿಸಿದ್ದರು. ನಾಳೆ ಸೋಮವಾರ ಲೈಸನ್ಸಿನ ಪರೀಕ್ಷೆ. ಅದು ತಪ್ಪಿದರೆ ಬೆಳಗಿನ ಪಾಳಿಗೆ ಮುಟ್ಟುವ ದಾರಿಯಿಲ್ಲ, ಕೆಲಸವೂ ಇಲ್ಲ.

ಅವಳ ಗಾಡಿ ಅರ್ಧ ಸುತ್ತು ನೂಲು ಹಿಡಿದಂತೆ ಬರುತ್ತಿತ್ತು. ಹುಲಿಗೆಪ್ಪನ ಹತ್ತಿರ ಬಂದಕೂಡಲೇ ಎಡಗೈ ಹ್ಯಾಂಡಲ್ ಬಿಟ್ಟು ಮೇಲೇಳುತ್ತಿತ್ತು. ಗಾಡಿ ವಾಲುತ್ತಿತ್ತು, ಅವಳು ಕಾಲೂರಿ ನಿಲ್ಲುತ್ತಿದ್ದಳು.

"ಏನವಾ, ಕೈ ಯಾಕ ಬಿಟ್ಟಿ? ನೊಣ ಹೊಡ್ಯಾಕತ್ತೀ ಏನ?"

"ತಪ್ಪಾತ್ರಿ ಮಾವಾರ."

ಮತ್ತೊಂದು ಸುತ್ತು, ಮತ್ತದೇ ಕೈ.

"ನಿನಗ ಕಲಸೂದಕ್ಕಿಂತ ಎಮ್ಮಿಗೆ ಕಲಸೂದು ಚಲೋ!" ಎಂದು ಹುಲಿಗೆಪ್ಪ ದಡದಡ ಗೇರುಮರದ ಕಡೆ ಹೋಗಿ, ಬೆನ್ನು ತಿರುಗಿಸಿ ಬೀಡಿ ತೆಗೆದ. ಈಗ ನಿಂತೀತು, ಆಗ ನಿಂತೀತು ಎಂದು ಇಂಜಿನಿನ ಸದ್ದಿಗೆ ಕಿವಿಗೊಟ್ಟ. ಅದು ನಿಲ್ಲಲಿಲ್ಲ. ಬೀಡಿ ಹಚ್ಚುವುದೇ ಮರೆಯಿತು. ಹೊರಳಿ ನೋಡಿದರೆ ದೇವಿಬಾಯಿ ಬಯಲು ತುಂಬ ಸಲೀಸಾಗಿ ತಿರುಗುತ್ತಿದ್ದಾಳೆ!

ಇದೆಂಥ ಮಾಯೆ? ಅವನು ಮರದಿಂದ ಈಚೆ ಬಂದ. ಅವಳ ಕೈ ಎದ್ದಿತು. ಮರದ ಹಿಂದೆ ಸರಿದ. ಕೈ ಇಳಿಯಿತು. ಸಿಟ್ಟು ಎಲ್ಲಿ ಹೋಯಿತೋ, ಮತ್ತೆ ಮತ್ತೆ ಹಣಿಕಿ ಹಾಕಿ ನೋಡಿದ.

ದೇವಿಬಾಯಿಗೆ ನಗು ತಡೆಯಲಿಲ್ಲ. "ಮಾವಾರ, ಕಣ್ಣುಮುಚ್ಚಾಲಿ ಆಡಾಕತ್ತೀರೇನ್ರಿ?"

"ಇಳಿ ಇಲ್ಲಿ. ಒಂದ ಮಾತ ಕೇಳ್ತೇನಿ, ಖರೇ ಹೇಳು. ನಾ ಅಂದ್ರ ಅಂಜಿಕಿ ಏನು?"

"ಅಂಜಿಕಿ ಯಾಕ್ರಿ? ನೀವು ಒದರೂದು ನಮಗ ರೇಡಿಯೋ ಇದ್ದಂಗ."

"ಮತ್ತ ಆ ಕೈ?"

ಅವಳು ನೆಲ ನೋಡಿದಳು. "ಚಕ್ರಕ್ಕ ಸಿಕ್ಕೀತು, ಸೆರಗು ಸೊಂಟಕ್ಕ ಸಿಗಸು ಅಂದವ್ರು ನೀವ. ಹಿರ್ಯಾರ ಮುಂದ ಬರೇ ತಲೀಲೆ ಹೆಂಗ ಹಾಯ್ಲಿರಿ? ನಾ ಬ್ಯಾಡಂದ್ರೂ ಕೈ ತಾನ ತಲೀಗೆ ಹೋಗ್ತೈತಿ."

ಹುಲಿಗೆಪ್ಪ ತಲೆ ಕೆರೆದುಕೊಂಡ. ಹಾಗಾದರೆ ಬಿಟ್ಟುಹೋದ ಉಳಿದವರ ಕೈಕಾಲು ಯಾಕೆ ತಪ್ಪಿದ್ದವು? ಯಾರನ್ನೂ ಕೇಳಿರಲಿಲ್ಲವಲ್ಲ. ಈಗ ತಾನು ಮರದ ಹಿಂದೆ ಅಡಗಬಹುದು. ನಾಳೆ ಪರೀಕ್ಷೆ ಮಾಡಲು ಎದುರಿಗೆ ನಿಲ್ಲುವ ನರೆಗೂದಲಿನ ಸಾಹೇಬನನ್ನು ಎಲ್ಲಿ ಅಡಗಿಸುವುದು?

ಅವನ ಗಾಡಿಯಲ್ಲಿ ಹೆಲ್ಮೆಟ್ ತೂಗುತ್ತಿತ್ತು. ಬಯಲಿನಲ್ಲಿ ಕಲಿಯುವವರಿಗೆ ಅದನ್ನು ಅವನು ಕೊಟ್ಟವನಲ್ಲ. ಕಿವಿ ಮುಚ್ಚಿದರೆ ತನ್ನ ಮಾತು ಕೇಳಿಸುವುದು ಹೇಗೆ! ಎರಡು ಗಳಿಗೆ ಅದನ್ನೇ ನೋಡಿದ. ತಂದು ಅವಳ ಕೈಗಿಟ್ಟ.

"ಹಾಕ್ಕೋ. ಈಗ ತಲಿ ಮುಚ್ಚಿತಿಲ್ಲೊ?"

ಅವಳು ಮುಟ್ಟಿ ಮುಟ್ಟಿ ನೋಡಿಕೊಂಡಳು. "ಮುಚ್ಚಿತ್ರಿ. ಆದ್ರ ನೀವು ಹೇಳೂದು ಕೇಳಸವಲ್ತರಿ."

"ಬಿಡು, ನಡಿ!"

ಅವನು ಬಯಲಿನ ನಡುವೆ ನಿಂತ. ದೇವಿಬಾಯಿ ಅವನ ಮುಂದೆಯೇ ಹಾದಳು, ಎಡಗೈ ಅಲುಗಲಿಲ್ಲ. ತಿರುವಿನಲ್ಲಿ ಅವನು ರೂಢಿಯಂತೆ "ಬ್ರೇಕ್! ಬ್ರೇಕ್ ಹಿಡಿ!" ಎಂದು ಒದರಿದ. ಕೇಳಿಸದ ಅವಳು ಬ್ರೇಕ್ ಹಿಡಿಯದೆಯೇ ಚಂದಾಗಿ ತಿರುಗಿದಳು. ಹುಲಿಗೆಪ್ಪ ಬಾಯಿ ಮುಚ್ಚಿದ.

ಸೋಮವಾರ ಫೋನು ಬಂತು. "ಪಾಸ್ ಆದ್ನಿರಿ ಮಾವಾರ! ಸಾಹೇಬ್ರು ಮಾರಿ ನೋಡಾಕ ಹೆಲ್ಮೆಟ್ ತಗೀ ಅಂದ್ರು. ಬೆನ್ನ ಮಾಡಿ ತಗದು, ಸೆರಗ ಹೊತ್ಕೊಂಡು ಆಮ್ಯಾಲೆ ತಿರುಗಿದ್ನಿರಿ."

ಮುಂದಿನ ಭಾನುವಾರ ಪರ್ವೇಜ ಅನ್ನುವ ಹಮಾಲ ಹೊಸದಾಗಿ ಬಂದ. ತಿರುವು ಬಂದಲ್ಲೆಲ್ಲ ಅವನು ಕಣ್ಣು ಮುಚ್ಚುತ್ತಿದ್ದ. ಹುಲಿಗೆಪ್ಪ ಅವನನ್ನು ಇಳಿಸಿ ಗೇರುಮರದಡಿ ಕೂಡಿಸಿಕೊಂಡ.

"ಮತ್ತ ಗಾಡಿ ಹತ್ತೂದು ಯಾವಾಗ ಕಾಕಾ?"

"ತಡಿಯೋ ಮಗನ!" ಎಂದು ಹುಲಿಗೆಪ್ಪ ಬಯಲಿಗೆಲ್ಲ ಕೇಳುವಂತೆ ಒದರಿದ. "ಮೊದಲ ಆ ಕಣ್ಣು ಯಾಕ ಮುಚ್ತಾವು, ಅದನ್ನ ಹೇಳು."