ಅತ್ತೆಯ ಹೆಸರಿನ ಪಕ್ಕ ಮೂರಕ್ಷರ

ಮೂರು ವರ್ಷದ ಹಿಂದಿನ ಮಾತು. ಕಾರ್ತಿಕ ಮಾಸದ ಒಂದು ಭಾನುವಾರ. ಹೊಸೂರು ಕಡೆ, ತಳಿ ಎಂಬ ಊರಿನ ಹತ್ತಿರದ ನಮ್ಮೂರಿನಲ್ಲಿ ಬೆಳಿಗ್ಗೆ ಎಂಟಾದರೂ ಮಂಜು ಕರಗಿರಲಿಲ್ಲ. ಜಗಲಿಯಲ್ಲಿ ಕೂತರೆ ಎದುರಿನ ಸೇವಂತಿಗೆ ತೋಟ ಕಾಣುತ್ತಿರಲಿಲ್ಲ, ಅದರ ವಾಸನೆ ಮಾತ್ರ ಬರುತ್ತಿತ್ತು.

ನಮ್ಮತ್ತೆ ಚೆನ್ನಮ್ಮನವರಿಗೆ ಅವರ ತಾಯಿ ಬರೆದುಕೊಟ್ಟಿದ್ದ ಜಮೀನಿನ ಬಗ್ಗೆ ಹೊಸೂರಿನ ವಕೀಲರು ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದಿದ್ದರು. ನಾನು ಓದಿದ್ದು ತಮಿಳು ಮಾಧ್ಯಮ. ಆದರೂ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವಳೆಂದು ಮನೆಗೆ ಬಂದ ಇಂಗ್ಲಿಷ್ ಕಾಗದವೆಲ್ಲ ನನ್ನ ಕೈಗೇ ಬರುತ್ತಿತ್ತು. ನಾನು ಓದಿ ಹೇಳುತ್ತಿದ್ದೆ, ಅತ್ತೆ ಹೂ ಕಟ್ಟುತ್ತಾ ಕೇಳುತ್ತಿದ್ದರು. ಅವರ ಹೆಸರು 'ಸೆನ್ನಮ್ಮ' ಎಂದಿತ್ತು. ಪಕ್ಕದಲ್ಲೇ ಕಂಸದೊಳಗೆ ಎಸ್, ಐ, ಸಿ ಎಂಬ ಮೂರಕ್ಷರ. ಕೊನೆಯ 'ಕೆ' ಬಿಟ್ಟುಹೋಗಿದೆ, 'ಸಿಕ್' ಅಂದರೆ ಕಾಯಿಲೆ ಅಂದುಕೊಂಡೆ.

"ಅತ್ತೆ, ನಿಮಗೇನೋ ಕಾಯ್ಲೆ ಅಂತ ಬರ್ದವ್ರೆ!" ಎಂದು ನಕ್ಕೆ.

ಅತ್ತೆ ನಗಲಿಲ್ಲ. ದಾರ ಹಿಡಿದ ಕೈ ಹಾಗೇ ನಿಂತಿತು. ಮೆಲ್ಲಗೆ ಕೇಳಿದರು: "ಅವ್ರಿಗೆಂಗೆ ಗೊತ್ತಾಯ್ತು ಕಣಮ್ಮ? ನಾನು ಯಾರ್ಗೂ ಹೇಳಿಲ್ವಲ್ಲ."

ನನ್ನ ಕೈ ಹಿಡಿದು ಸೆರಗಿನೊಳಗೆ, ಎಡ ಎದೆಯ ಮೇಲೆ ಇಟ್ಟುಕೊಂಡರು. ಅಲ್ಲೊಂದು ಗಂಟು, ಹುಣಿಸೆಬೀಜದ ಹಾಗೆ ಗಟ್ಟಿ.

"ಯುಗಾದಿಯಿಂದ ಐತೆ. ನೋವಿಲ್ಲ ಅಂತ ಸುಮ್ಕಿದ್ದೆ."

ಆಮೇಲಿನದೆಲ್ಲ ಕನಸಿನಲ್ಲಿ ನಡೆದಂತಿದೆ. ಮಾರನೆಯ ದಿನ ಮೊದಲ ಬಸ್ಸು. ಕಿಟಕಿಯಾಚೆ ಮರಗಳು ಬಿಳುಪಿನಿಂದ ಎದ್ದು ಬಂದು ಮತ್ತೆ ಬಿಳುಪಿನಲ್ಲೇ ಕರಗುತ್ತಿದ್ದವು. ಅತ್ತೆ ನನ್ನ ಭುಜಕ್ಕೆ ತಲೆಯಿಟ್ಟು ಕಣ್ಣುಮುಚ್ಚಿದ್ದರು. ಆಸ್ಪತ್ರೆ, ಪರೀಕ್ಷೆಗಳು, ಆಪರೇಷನ್. "ಇನ್ನೂ ತಡ ಮಾಡಿದ್ದರೆ ಕಷ್ಟವಾಗುತ್ತಿತ್ತು" ಎಂದರು ಡಾಕ್ಟರು.

ಎರಡು ತಿಂಗಳ ನಂತರ ವಕೀಲರ ಬಳಿ ಹೋದಾಗ, ಕಾಯಿಲೆಯ ವಿಷಯ ನಿಮಗೆ ಹೇಗೆ ತಿಳಿಯಿತು ಎಂದು ಕೇಳಿದೆ. ಅವರು ಕಾಗದ ನೋಡಿ ಗಲಿಬಿಲಿಗೊಂಡರು.

"ಕಾಯ್ಲೆ ಅಲ್ಲಮ್ಮ, ಅದು ಲ್ಯಾಟಿನ್. ಹಳೇ ಜಮೀನು ಪತ್ರದಲ್ಲಿ ಇದ್ದಂಗೇ ಬರ್ದಿದ್ದೀನಿ, ತಪ್ಪು ನಂದಲ್ಲ ಅಂತ ಅರ್ಥ. ತಮಿಳಲ್ಲಿ ಎರಡಕ್ಕೂ ಒಂದೇ ಅಕ್ಷರ, ಅದನ್ನ ಇಂಗ್ಲಿಷಿಗೆ ತಂದೋರು 'ಚೆ'ನ 'ಸೆ' ಮಾಡ್ಬುಟ್ಟವ್ರೆ."

ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ಮನೆಗೆ ಬಂದು ಹೇಳಿದಾಗ ಅತ್ತೆ ಹೊಟ್ಟೆ ಹಿಡಿದು ನಕ್ಕರು. "ನೀನು ಸರ್ಯಾಗಿ ಓದಿದ್ದಿದ್ರೆ ನಾನು ಬಾಯೇ ಬಿಡ್ತಿರ್ಲಿಲ್ಲ ಬಿಡು."

ಅತ್ತೆ ಈಗ ಚೆನ್ನಾಗಿದ್ದಾರೆ. ತಪ್ಪು ಓದಿದ ನಾಚಿಕೆಯೂ ಎಂದೋ ಹೋಯಿತು. ಇನ್ನೊಂದು ಮಾತ್ರ ಹೋಗಿಲ್ಲ. ಯುಗಾದಿಯಿಂದ ಕಾರ್ತಿಕದವರೆಗೆ ದಿನಾ ಅವರು ಕಟ್ಟಿಕೊಟ್ಟ ಬುತ್ತಿಯನ್ನೇ ಕೆಲಸಕ್ಕೆ ಒಯ್ಯುತ್ತಿದ್ದೆ. ಒಂದು ದಿನವೂ "ಅತ್ತೆ, ಹೆಂಗಿದ್ದೀರಾ?" ಎಂದು ಕೇಳಿರಲಿಲ್ಲ.