ಅಕ್ಕ ಅಂದ ತಪ್ಪಿಗೆ

ಸಮಾಜಕಾರ್ಯ ಕಾಲೇಜಿನ ಮೇಡಂ ಇಪ್ಪತ್ತಾರು ವರ್ಷ ಒಂದೇ ಪುಸ್ತಕ ಹಿಡಿದು ಪಾಠ ಮಾಡಿದವರು. ಕಡಲಾಚೆಯವರು ಬರೆದ ಪುಸ್ತಕ. ಅದರೊಳಗಿನ ಮನೆಗಳಿಗೆಲ್ಲ ಕರೆಗಂಟೆ, ಭೇಟಿಗೆ ಮೊದಲೇ ಗೊತ್ತುಮಾಡಿದ ಹೊತ್ತು. ಇಲ್ಲಿಯ ವಠಾರಗಳಲ್ಲೋ ಬಾಗಿಲೇ ನೆಟ್ಟಗಿರಲಿಲ್ಲ. ಆದರೂ ಮೇಡಂ ಪಟ್ಟು ಬಿಡಲಿಲ್ಲ: ನೆರವು ಬೇಕಾದವರು 'ಕ್ಲೈಂಟ್', ಅವರೊಡನೆ ನಂಟಸ್ತನ ಬೆಳೆಸಕೂಡದು. "ನಾನೂ ನಿನ್ನ ಕ್ಲೈಂಟೇ ಏನೇ?" ಎಂದು ಗಂಡ ಕಾಲೆಳೆಯುತ್ತಿದ್ದರು.

ಹದಿನೈದು ವರ್ಷದ ಹಿಂದೆ ವಿದ್ಯಾರ್ಥಿನಿಯೊಬ್ಬಳು ತನ್ನ ಕ್ಷೇತ್ರಕಾರ್ಯದ ವರದಿಯಲ್ಲಿ, ಗಂಡನಿಂದ ಏಟು ತಿನ್ನುತ್ತಿದ್ದ ಹೆಂಗಸನ್ನು 'ಅಕ್ಕ' ಎಂದು ಬರೆದಿದ್ದಳು. ಹಾಗೆ ಕರೆದ ಮೇಲೆಯೇ ಆಕೆ ಬಾಯಿಬಿಟ್ಟಿದ್ದು. ಮೇಡಂ ಅಷ್ಟೂ 'ಅಕ್ಕ'ಗಳನ್ನು ಹೊಡೆದುಹಾಕಿ, ಆ ಮನೆಗೆ ಬೇರೆ ಹುಡುಗಿಯನ್ನು ಕಳಿಸಿದರು. ಅವಳು ನಮೂನೆ ಹಿಡಿದು ಪ್ರಶ್ನೆ ಕೇಳಿದಳು. ಹೆಂಗಸು ತುಟಿ ಪಿಟಕ್ಕೆನ್ನಲಿಲ್ಲ. ತಿಂಗಳೊಳಗೆ ಆ ಮನೆಗೆ ಬೀಗ ಬಿತ್ತು. ಆಕೆ ಬದುಕಿದ್ದಾಳೋ ಇಲ್ಲವೋ, ಇಂದಿಗೂ ಯಾರಿಗೂ ಗೊತ್ತಿಲ್ಲ.

ಅಂದಿನಿಂದ ಮೇಡಂ ಒಳಗೊಳಗೇ ಬೇಯುತ್ತಿದ್ದರು. ಆದರೆ ಹೇಳಿಕೊಳ್ಳಲು ಬಾಯಿ ಬರಬೇಕಲ್ಲ! ಮೇಷ್ಟ್ರಾದವರ ಪಾಡೇ ಹಾಗೆ. ತಪ್ಪು ತಮ್ಮದೆಂದು ಗೊತ್ತಾದಷ್ಟೂ ದನಿ ಜೋರಾಗುತ್ತದೆ. ಮುಂದಿನ ತಂಡಗಳಿಗೂ ಅದೇ ನಿಯಮವನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿಕೊಟ್ಟರು.

ಈಗ ನಮ್ಮದೇ ಪಠ್ಯ ಬೇಕೆಂದು ಕಾಲೇಜು ಒಂದು ಸಮಿತಿ ಮಾಡಿದೆ. ಬರೆಯುವ ಹೊಣೆ ಅದೇ ವಿದ್ಯಾರ್ಥಿನಿಯದು. ಅವಳೀಗ ಅಲ್ಲಿಯೇ ಉಪನ್ಯಾಸಕಿ. ಮೇಡಂ ನಿವೃತ್ತಿಗೆ ಉಳಿದದ್ದು ಒಂದು ವಾರ. ಆ ನಿಯಮವನ್ನು ಕಿತ್ತುಹಾಕಿಸದೆ ಮನೆಗೆ ಹೋದರೆ ತಮಗೆ ನೆಮ್ಮದಿಯಿಲ್ಲವೆಂದು ಗಟ್ಟಿಮನಸ್ಸು ಮಾಡಿ ಅವಳ ಕೋಣೆಗೆ ಹೋದರು.

"ನಂಟಸ್ತನ ಬೇಡ ಅನ್ನೋ ನಿಯಮ ತೆಗೆದುಬಿಡು ಕಣಮ್ಮ. ಅವತ್ತು ನಿನ್ನನ್ನ ಆ ಮನೆಯಿಂದ ಬಿಡಿಸಿದ್ದು ನನ್ನ ತಪ್ಪು. ಇಷ್ಟು ವರ್ಷ ಹೇಳೋಕೆ ಧೈರ್ಯ ಬರಲಿಲ್ಲ."

"ಅಯ್ಯೋ, ಬಿಡಿ ಮೇಡಂ! ನಾನು ಶಿಸ್ತು ಕಲಿತಿದ್ದೇ ಅದರಿಂದ. ಹೋದ ವರ್ಷ ಒಬ್ಬಳು ಯಾವುದೋ ಮುದುಕಿಯನ್ನ ಅಜ್ಜಿ, ಅಜ್ಜಿ ಅಂತ ಹಚ್ಕೊಂಡಿದ್ಲು. ನಿಮ್ಮ ಹೆಸರು ಹೇಳಿಯೇ ಫೇಲ್ ಮಾಡಿದೆ."

ಮೇಡಂ ಕುರ್ಚಿ ಎಳೆದುಕೊಂಡು ಕೂತರು. "ಆ ಅಜ್ಜಿ ಈಗ ಹೇಗಿದ್ದಾರೆ?"

ಉಪನ್ಯಾಸಕಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಗೊತ್ತಿಲ್ಲ ಮೇಡಂ," ಎಂದಳು, "ನೀವು ಹೇಳಿಕೊಟ್ಟ ಹಾಗೆ ಅವತ್ತೇ ಫೈಲು ಮುಚ್ಚಿದ್ವಲ್ಲ."