ಅತ್ತೆಯ ಕೈಗುಣ ಮತ್ತು ಎರಡನೇ ಟ್ಯಾಂಕು

ಎರಡನೇ ಟ್ಯಾಂಕು ಕೂರಿಸುವ ಐಡಿಯಾ ನನ್ನದೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಯಾಕೆಂದರೆ ಆಮೇಲೆ ನಡೆದದ್ದಕ್ಕೆ ನಮ್ಮ ಮನೆಯವರು ಗ್ರಹಗತಿಯಿಂದ ಹಿಡಿದು ಬೆಕ್ಕಿನವರೆಗೆ ಎಲ್ಲರನ್ನೂ ಹೊಣೆ ಮಾಡಿದರು, ನನ್ನೊಬ್ಬನನ್ನು ಬಿಟ್ಟು.

ಎರಡು ಸಾವಿರದ ಇಸವಿಯ ಆಚೀಚೆ ಇರಬೇಕು. ನಮ್ಮದು ಹುಣಸೂರಿನ ಪಕ್ಕದ ಹಳ್ಳಿ. ಊರಿಗೆ ಊರೇ ಹೊಗೆಸೊಪ್ಪು ಬೆಳೆಯುತ್ತಿದ್ದಾಗ ನನಗೆ ಶುಂಠಿಯ ಹುಚ್ಚು ಹಿಡಿಯಿತು. ಅಂತರಸಂತೆಯ ಹತ್ತಿರ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಹಾಕಿದೆ. ಅಲ್ಲಿ ಕರೆಂಟು ನೆಂಟರ ಹಾಗೆ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ನೀರೆತ್ತಲು ಡೀಸೆಲ್ ಪಂಪು, ಡೀಸೆಲ್ಲಿಗೆ ಎಚ್.ಡಿ. ಕೋಟೆಯ ಬಂಕು, ಸಾಗಿಸಲು ನನ್ನ ಸೆಕೆಂಡ್‌ಹ್ಯಾಂಡ್ ಪಿಕಪ್ಪು. ಪ್ಲಾಸ್ಟಿಕ್ ಕ್ಯಾನುಗಳು ಹಿಂದೆ ಉರುಳಾಡಿ ಚೆಲ್ಲಿ, ಕೂಲಿಯವರಿಗೆ ಒಯ್ದ ಮುದ್ದೆಯೂ ಡೀಸೆಲ್ ನಾರತೊಡಗಿತು. ಒಬ್ಬ ಹೆಂಗಸು ತಟ್ಟೆ ಮುಂದಿಟ್ಟುಕೊಂಡು, ‘ಬೆಂಕಿಕಡ್ಡಿ ಗೀರಿದ್ರೆ ಸಾರೇ ಅತ್ಕೊತದೆ ಕಣಪ್ಪ’ ಅಂದಳು.

ಆಗ ನನಗೆ ಹೊಳೆಯಿತು. ಡ್ರೈವರ್ ಸೀಟಿನ ಹಿಂದೆ, ಸಾಮಾನು ತುಂಬುವ ಜಾಗದಲ್ಲಿ, ಒಂದು ದೊಡ್ಡ ಟ್ಯಾಂಕು ಕೂರಿಸುವುದು. ಅದರ ಬುಡದಿಂದ ರಬ್ಬರ್ ಪೈಪು ಎಳೆದು ಕೆಳಗಿರುವ ಗಾಡಿಯ ಟ್ಯಾಂಕಿಗೆ ಸೇರಿಸುವುದು. ನಡುವೆ ಒಂದು ಕೊಳಾಯಿ. ಬೆಳಿಗ್ಗೆ ಕೊಳಾಯಿ ತಿರುಗಿಸಿ, ಕಾಫಿ ಕುಡಿಯುವಷ್ಟು ಹೊತ್ತು ಬಿಟ್ಟು, ಮುಚ್ಚಿ ಹೊರಟರಾಯಿತು. ಪಂಪಿಗೆ ಬೇಕಾದಾಗ ಮೇಲಿನ ಮುಚ್ಚಳ ತೆಗೆದು ಪೈಪು ಇಳಿಬಿಟ್ಟು ಎಳೆದುಕೊಂಡರೂ ಆಯಿತು. ಗಾಡಿಯ ಡೀಸೆಲ್ ಮುಳ್ಳು ನಾನು ಕೊಂಡ ದಿನದಿಂದ ಅರ್ಧಕ್ಕೇ ನಿಂತಿತ್ತು. ಟ್ಯಾಂಕು ತುಂಬಿದರೂ ಅರ್ಧ, ಬತ್ತಿದರೂ ಅರ್ಧ. ಎರಡು ಟ್ಯಾಂಕಿದ್ದ ಮೇಲೆ ಮುಳ್ಳಿನ ಹಂಗೇಕೆ ಎಂದು ನಾನು ಎದೆಯುಬ್ಬಿಸಿದೆ.

ಟ್ಯಾಂಕು ಮಾಡಿಸಿದ್ದು ಪಿರಿಯಾಪಟ್ಟಣದ ಒಬ್ಬ ತಗಡಿನ ಮೇಸ್ತ್ರಿಯ ಹತ್ತಿರ. ಆತನ ಬದುಕೆಲ್ಲ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳಿಗೆ ಪೈಪು ಮಾಡುವುದರಲ್ಲೇ ಕಳೆದಿತ್ತು. ಒಲೆಯ ಶಾಖ ಆ ಪೈಪಿನೊಳಗೆ ಹರಿದು ಸೊಪ್ಪನ್ನು ಒಣಗಿಸಬೇಕು, ಆದರೆ ಹೊಗೆ ಒಂದೆಳೆಯೂ ಆಚೆ ಬರಬಾರದು. ಬಂದರೆ ಸೊಪ್ಪು ಕೆಟ್ಟಿತು, ವರ್ಷದ ಗೇಮೆ ಮಣ್ಣಾಯಿತು.

‘ಎಲ್ಲೂ ಒಂದ್ ಸಂದೂ ಇರಬಾರ್ದು ಮೇಸ್ತ್ರಿ,’ ಎಂದೆ ನಾನು, ದೊಡ್ಡ ಎಂಜಿನಿಯರನಂತೆ.

ಆತನಿಗೆ ಸಿಟ್ಟೇ ಬಂತು. ‘ನನ್ ಕೈಲಿ ಆದ್ ಪೈಪ್ನಾಗೆ ಇದುವರ್ಗೂ ಒಗೆ ಇಣುಕಿಲ್ಲ. ನಿನ್ ಟ್ಯಾಂಕ್ನಾಗೆ ಇರುವೆ ಬಿದ್ರೆ ಅದ್ಕೂ ಉಸಿರಾಡಕ್ಕಾಗಕಿಲ್ಲ, ನೋಡ್ತಿರು.’

ಹೇಳಿದಂತೆಯೇ ಮಾಡಿದ. ಬೆಸುಗೆ ಹಾಕಿದ ಮೇಲೆ ನೀರು ತುಂಬಿಸಿ, ಹೊರಮೈಗೆಲ್ಲ ಒಲೆಬೂದಿ ಉಜ್ಜಿ, ಎಲ್ಲಿಯಾದರೂ ಬೂದಿ ತೇವವಾಗುತ್ತದೆಯೇ ಎಂದು ಬೀಡಿ ಸೇದುತ್ತ ಕೂತು ನೋಡಿದ. ಮುಚ್ಚಳಕ್ಕೆ ಟ್ರ್ಯಾಕ್ಟರ್ ಟ್ಯೂಬಿನ ರಬ್ಬರ್ ಕತ್ತರಿಸಿ ಕೂರಿಸಿ, ಮೇಲೊಂದು ತಿರುಪು ಇಟ್ಟ. ಅದನ್ನು ಬಿಗಿದರೆ ಒಂದು ಹನಿಯೂ ಹೊರಗೆ ಜಿನುಗುತ್ತಿರಲಿಲ್ಲ. ನಾವಿಬ್ಬರೂ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಖುಷಿಪಟ್ಟೆವು.

ಇಲ್ಲಿ ನಮ್ಮ ಅತ್ತೆಯ ವಿಷಯ ಹೇಳಬೇಕು. ಅಪ್ಪನ ಅಕ್ಕ. ಕೆ.ಆರ್. ನಗರದ ಕಡೆ ಕೊಟ್ಟಿದ್ದರು. ಮದುವೆಯಾದ ಕೆಲವೇ ವರ್ಷಕ್ಕೆ ಮಾವ ತೀರಿಕೊಂಡು, ಅವಳು ನಮ್ಮ ಮನೆಗೆ ವಾಪಸಾಗಿದ್ದಳು. ನನ್ನನ್ನು ಎತ್ತಿ ಆಡಿಸಿದವಳು, ಬೈಯುವುದರಲ್ಲಿ ಎತ್ತಿದ ಕೈ. ಮನೆಯಲ್ಲಿ ಯಾರೂ ಅವಳನ್ನು ಒಂದು ಮಾತು ಅಂದದ್ದು ನಾನು ಕೇಳಿಲ್ಲ. ಆದರೆ ನಾನು ಗಾಡಿಯ ಕೀಲಿ ಕೈಗೆತ್ತಿಕೊಂಡ ಸದ್ದಾದರೆ ಸಾಕು, ಅವಳು ತಾನಾಗಿಯೇ ಎದ್ದು ಹಿತ್ತಿಲಿಗೆ ಹೋಗುತ್ತಿದ್ದಳು. ಹೊರಟ ಗಾಡಿಗೆ ಗಂಡನಿಲ್ಲದ ಹೆಂಗಸು ಅಡ್ಡ ಬರಬಾರದಲ್ಲ! ಅದಕ್ಕೆ ಬದಲು ಪಕ್ಕದ ಮನೆಯ ಸೊಸೆ ತುಂಬಿದ ಕೊಡ ಹೊತ್ತು ಎದುರು ಬರಬೇಕು. ಆ ಹುಡುಗಿ ನನ್ನ ಗಾಡಿಗಾಗಿ ದಿನಕ್ಕೆ ಮೂರು ಸಲ ನೀರು ತಂದದ್ದೂ ಉಂಟು.

ಶುಂಠಿ ಹೊಲದ ಕೆಲಸಕ್ಕೆ ಅತ್ತೆಯೂ ಬರುತ್ತಿದ್ದಳು. ಆದರೆ ಮನೆಮುಂದೆ ಗಾಡಿ ಹತ್ತುತ್ತಿರಲಿಲ್ಲ. ಎಲ್ಲರಿಗಿಂತ ಮೊದಲೇ ನಡೆದುಹೋಗಿ ಊರಾಚೆಯ ತಿರುವಿನಲ್ಲಿ ನಿಂತಿದ್ದು, ಅಲ್ಲಿ ಹಿಂದಕ್ಕೆ ಹತ್ತಿ, ಕೂಲಿ ಹೆಂಗಸರ ನಡುವೆ ಕೂರುತ್ತಿದ್ದಳು. ಒಮ್ಮೆ ಮಾತ್ರ ಕೇಳಿದ್ದಳು, ‘ನಂಗೊಂದ್ ದಪ ಮುಂದ್ಗಡೆ ಕೂರ್ಬೇಕು ಅಂತ ಆಸೆ ಕಣ್ಲಾ. ಮುಂದೆ ಕೂತ್ಕಂಡು ಚುಂಚನಕಟ್ಟೇಲಿ ನೀರು ಬೀಳದ ನೋಡ್ಕಂಡ್ ಬರ್ಬೇಕು.’ ನಾನು ‘ಆಗ್ಲಿ ಬುಡತ್ತೆ’ ಅಂದು ಮರೆತೆ. ಮರೆತೆ ಅನ್ನುವುದೂ ಸುಳ್ಳು. ಅಪ್ಪನ ಎದುರು ಅವಳನ್ನು ಮುಂದೆ ಕೂರಿಸುವ ಧೈರ್ಯ ನನಗಿರಲಿಲ್ಲ.

ಹೊಸ ಟ್ಯಾಂಕು ತುಂಬಿಸಿಕೊಂಡ ಮಾರನೇ ದಿನವೇ ಗಾಡಿ ಎಚ್.ಡಿ. ಕೋಟೆ ದಾಟಿ ಸ್ವಲ್ಪ ದೂರಕ್ಕೆ ಕೆಮ್ಮಿ ನಿಂತಿತು. ಡೀಸೆಲ್ ಖಾಲಿಯಾಗಿ ಪೈಪಿಗೆ ಗಾಳಿ ಹೊಕ್ಕಾಗ ಕೆಮ್ಮುವ ಹಾಗೆ. ನಾನು ಮೇಲಿನ ಟ್ಯಾಂಕಿನ ಕೊಳಾಯಿ ಪೂರ್ತಿ ತಿರುಗಿಸಿ, ಬಾನೆಟ್ ಎತ್ತಿ, ಎಂಜಿನ್ನಿಗೆ ಡೀಸೆಲ್ ಎಳೆಯುವ ಪುಟ್ಟ ಕೈಪಂಪು ಒತ್ತಿದೆ. ಒತ್ತಿದೆ, ಒತ್ತಿದೆ, ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿತು. ಗಾಳಿಯೇ ಬಂತು, ಡೀಸೆಲ್ ಬರಲಿಲ್ಲ. ಮುಂದೆ ಕೂತಿದ್ದ ಅಪ್ಪ ಇಳಿದು, ‘ಒರಡುವಾಗ ಯಾರ್ ಎದುರ್ ಬಂದಿದ್ರು?’ ಎಂದು ಕೇಳಿ, ಹಿಂದೆ ಕೂತ ಅತ್ತೆಯ ಕಡೆ ನೋಡದೆ ನೋಡಿದ. ಅತ್ತೆ ತಲೆತಗ್ಗಿಸಿದಳು. ಆ ಹೊತ್ತು ನನಗೆ ಅಪ್ಪನ ಮೇಲೆ ಬಂದ ಸಿಟ್ಟನ್ನೆಲ್ಲ ಕೈಪಂಪಿನ ಮೇಲೆ ತೀರಿಸಿಕೊಂಡೆ.

ಟ್ಯಾಂಕಿನ ಪಕ್ಕ ವಾಸನೆಗೆ ಹೆದರಿ ಯಾರೂ ಕೂತಿರಲಿಲ್ಲ. ಹಾಗಾಗಿ ಅದರ ಪಕ್ಕದ ಜಾಗ ಅತ್ತೆಯದೇ. ‘ಅತ್ತೆ, ಡೀಸೆಲ್ ಅದಾ ನೋಡು,’ ಎಂದು ಕೂಗಿದೆ. ವರ್ಷಗಟ್ಟಲೆ ಹೊಗೆಸೊಪ್ಪು ಕಟ್ಟಿದ ಕೈ. ಮೇಸ್ತ್ರಿಯ ತಿರುಪನ್ನು ಸಲೀಸಾಗಿ ಬಿಚ್ಚಿದಳು. ಸುಯ್ ಎಂದು ಒಂದು ಸದ್ದಾಯಿತು. ಒಳಗೆ ಇಣುಕಿ, ‘ಅದೆ ಕಣ್ಲಾ, ಬೇಕಾದಂಗದೆ’ ಅಂದಳು. ಅವಳದು ಯಾವ ಕೆಲಸವೂ ಅವಸರದ್ದಲ್ಲ. ಮುಚ್ಚಳವನ್ನು ಸೆರಗಿನಿಂದ ಒರೆಸಿದಳು, ರಬ್ಬರಿಗೆ ಅಂಟಿದ ಧೂಳು ತೆಗೆದಳು, ವಾಸನೆಯನ್ನು ಬೈದಳು, ನಿಧಾನಕ್ಕೆ ಮುಚ್ಚಿದಳು. ನಾನು ಮತ್ತೆ ಕೈಪಂಪು ಒತ್ತಿದರೆ ಡೀಸೆಲ್ ಬುಳುಬುಳು ಬಂತು. ಗಾಡಿ ಒಂದೇ ಏಟಿಗೆ ಸ್ಟಾರ್ಟ್ ಆಯಿತು.

ಎರಡನೇ ಸಲ ನಿಂತಾಗ ಅಪ್ಪ ತೆಂಗಿನಕಾಯಿ ಒಡೆದ. ಗಾಡಿ ಕೇಳಲಿಲ್ಲ. ನಾನು ಫಿಲ್ಟರ್ ಬದಲಿಸಿದೆ. ಕೇಳಲಿಲ್ಲ. ಮುಚ್ಚಳ ಬಿಚ್ಚಿ, ಧೂಳು ಬಿದ್ದೀತೆಂದು ಕಣ್ಣು ಮಿಟುಕಿಸುವುದರಲ್ಲಿ ಮುಚ್ಚಿದೆ. ಅದಕ್ಕೂ ಜಗ್ಗಲಿಲ್ಲ. ಕೊನೆಗೆ ಅತ್ತೆ, ‘ನಾನೊಂದು ಕಿತ ನೋಡ್ಲಾ?’ ಎಂದು ತನ್ನ ವೈಖರಿಯಲ್ಲಿ ತೆರೆದು, ಒರೆಸಿ, ಬೈದು, ಮುಚ್ಚಿದಳು. ಗಾಡಿ ಹೊರಟಿತು. ಮೂರನೇ ಸಲವೂ ಹೀಗೇ ಆದಾಗ ಕೂಲಿ ಹೆಂಗಸೊಬ್ಬಳು ತೀರ್ಪು ಕೊಟ್ಟುಬಿಟ್ಟಳು: ‘ಇನ್ನೇನಿಲ್ಲ ಕಣ್ರವ್ವ, ಅಕ್ಕಯ್ಯನ ಕೈಗುಣ.’

ಮೆಕ್ಯಾನಿಕ್ಕಿಗೆ ತೋರಿಸಲಿಲ್ಲವೇ ಎಂದು ನೀವು ಕೇಳಬಹುದು. ತೋರಿಸಿದೆ. ಮೆಕ್ಯಾನಿಕ್ಕಿನ ಮುಂದೆ ಅದು ನಿಂತಿದ್ದರೆ ತಾನೇ! ಆತ ಎಂಜಿನ್ ಸದ್ದು ಕೇಳಿ, ‘ಚಿನ್ನದಂಥ ಗಾಡಿ’ ಅಂದು ಕಳಿಸಿದ. ಕೈಗುಣವೇ ಸರಿ ಎಂದು ನಂಬಲು ಅಪ್ಪನಿಗೆ ಇನ್ನೇನು ಬೇಕು?

ಮೊದಲು ಸೋತವಳು ಅವ್ವ. ‘ಅಕ್ಕಯ್ಯನ್ನ ಇಂದ್ಗಡೆ ಕೂರ್ಸಿ, ನಿಂತಾಗೆಲ್ಲ ಕೂಗಿ ಕರೆಯದ್ಯಾಕೆ, ಮುಂದೆನೇ ಕೂತ್ಕಳ್ಳಿ’ ಎಂದಳು. ಮುಂದೆ ಕೂತರೆ ಟ್ಯಾಂಕಿನಿಂದ ದೂರವಾಗುತ್ತಾಳೆ ಎಂಬ ಲೆಕ್ಕಾಚಾರ ಯಾರಿಗೂ ಹೊಳೆಯಲಿಲ್ಲ; ಕೈಗುಣ ಇರುವವರಿಗೆ ಮರ್ಯಾದೆ ಕೊಡಬೇಕಾದದ್ದು ಮಾತ್ರ ಹೊಳೆಯಿತು. ಅತ್ತೆ ಮುಂದಕ್ಕೆ ಬಂದಳು. ಅಪ್ಪ ಹಿಂದಕ್ಕೆ ಹೋಗಿ, ಟ್ಯಾಂಕಿನ ಪಕ್ಕ ಗೋಣಿಚೀಲದ ಮೇಲೆ ಮೂಗಿಗೆ ಟವೆಲ್ ಕಟ್ಟಿಕೊಂಡು ಕೂತ. ಅದನ್ನು ಕನ್ನಡಿಯಲ್ಲಿ ನೋಡುವುದಕ್ಕಾಗಿಯೇ ನಾನು ಎರಡು ಸಲ ನಿಧಾನ ಮಾಡುತ್ತಿದ್ದೆ.

ಸುದ್ದಿ ಹಬ್ಬಿತು. ಅಕ್ಕಪಕ್ಕದವರು ಕೆಟ್ಟ ಪಂಪುಸೆಟ್ಟು ಮುಟ್ಟಿಸಲು ಕರೆದೊಯ್ದರು. ಮರುವರ್ಷ ಶುಂಠಿಯ ಮೊದಲ ಬೀಜವನ್ನು ಅತ್ತೆಯ ಕೈಯಲ್ಲೇ ಮಣ್ಣಿಗೆ ಹಾಕಿಸಿದರು. ಯಾವ ಶುಭಕಾರ್ಯದಲ್ಲೂ ಕಂಬದ ಹಿಂದೆ ನಿಲ್ಲುತ್ತಿದ್ದವಳು ಹೊಲದ ಬದುವಿನ ಮೇಲೆ ನಿಂತು, ‘ಇನ್ನೂ ಆಳಕ್ಕೆ ತೋಡ್ಲಾ, ಕೈಯಲ್ಲಿ ಸತ್ವ ಇಲ್ವಾ’ ಎಂದು ನನ್ನನ್ನೇ ಗದರಿದಳು. ನನಗೆ ಬಲು ಸಂತೋಷವಾಯಿತು.

ಅಷ್ಟರಲ್ಲಿ ನನಗೆ ಹೆಣ್ಣು ಗೊತ್ತಾಯಿತು. ಭೇರ್ಯದ ಕಡೆಯವರು. ಒಪ್ಪಿಗೆಯ ಶಾಸ್ತ್ರಕ್ಕೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ಮನೆಯಲ್ಲಿ ಕಜ್ಜಾಯಕ್ಕೆ ಹಿಟ್ಟು ಕಲಸುತ್ತಿದ್ದರು. ಅತ್ತೆ ಹೊಸ ಎಣ್ಣೆ ಡಬ್ಬ ಮುಂದಿಟ್ಟುಕೊಂಡು ಮೊಳೆ ಇಟ್ಟು ಗುಂಡುಕಲ್ಲಿನಿಂದ ಒಂದು ಏಟು ಹಾಕಿದಳು. ಡಬ್ಬ ಬಗ್ಗಿಸಿದಳು; ಎಣ್ಣೆ ತೊಟ್ಟು ತೊಟ್ಟಾಗಿ ಬಿದ್ದು ನಿಂತಿತು. ಅವಳು ಎದುರು ಮೂಲೆಯಲ್ಲಿ ಇನ್ನೊಂದು ತೂತು ಹೊಡೆದಳು. ಎಣ್ಣೆ ಧಾರೆಯಾಗಿ ಇಳಿಯಿತು.

‘ಎಲ್ಡೆಲ್ಡು ತೂತು ಯಾಕತ್ತೆ?’ ಎಂದೆ, ಏನಾದರೂ ಮಾತಾಡಬೇಕಲ್ಲ ಎಂದು.

‘ಅಷ್ಟೂ ಗೊತ್ತಿಲ್ವಾ? ಒಂದ್ರಾಗೆ ಗಾಳಿ ಒಳೀಕ್ ಓಗ್ಬೇಕು, ಇನ್ನೊಂದ್ರಾಗೆ ಎಣ್ಣೆ ಈಚೀಕ್ ಬರ್ಬೇಕು. ಗಾಳಿ ಇಲ್ದೆ ಎಣ್ಣೆ ಎಂಗ್ ಇಳ್ದದು...’

ಮಾತು ಅಲ್ಲಿಗೇ ನಿಂತಿತು. ನಾನು ಅವಳ ಮುಖ ನೋಡಿದೆ. ಅವಳು ಡಬ್ಬ ನೋಡಿದಳು. ಮುಚ್ಚಳ ತೆರೆದಾಗಲೆಲ್ಲ ಕೇಳುತ್ತಿದ್ದ ಆ ಸುಯ್ ಸದ್ದು ನನ್ನ ಕಿವಿಯಲ್ಲಿ ಮತ್ತೆ ಕೇಳಿಸಿತು. ಇರುವೆಗೂ ಉಸಿರಾಡಲು ಬಿಡದ ಮೇಸ್ತ್ರಿ ಟ್ಯಾಂಕಿಗೂ ಉಸಿರಾಡಲು ಬಿಟ್ಟಿರಲಿಲ್ಲ! ಕೊಳಾಯಿ ತಿರುಗಿಸಿದರೆ ಸ್ವಲ್ಪ ಇಳಿದು ನಿಲ್ಲುತ್ತಿತ್ತು. ಅತ್ತೆ ಮುಚ್ಚಳ ತೆಗೆದು ಒರೆಸುತ್ತ ಕೂತಷ್ಟು ಹೊತ್ತು ಗಾಳಿ ಒಳಗೆ ಹೋಗಿ ಡೀಸೆಲ್ ಕೆಳಗಿಳಿಯುತ್ತಿತ್ತು. ಅಷ್ಟೇ ಅವಳ ಕೈಗುಣ.

‘ಅತ್ತೆ, ನಿಂಗೆ ಯಾವಾಗ್ ಗೊತ್ತಾಯ್ತು?’

‘ಮೊದಲ್ನೇ ದಿನ್ವೇ,’ ಅಂದಳು, ಎಣ್ಣೆಯ ಧಾರೆಯಿಂದ ಕಣ್ಣೆತ್ತದೆ. ‘ಏಳಾವ ಅಂತಿದ್ದೆ ಕಣ್ಲಾ. ಆಮ್ಯಾಕೆ ಮುಂದ್ಗಡೆ ಕೂರ್ಸುದ್ರಲ್ಲ, ಬಾಯಿ ಬರ್ನಿಲ್ಲ.’

ಇಡೀ ಊರಿನಲ್ಲಿ ನಾನೇ ಬುದ್ಧಿವಂತ ಎಂದು ತಿರುಗುತ್ತಿದ್ದವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ಮೊಳೆಯನ್ನು ಸೆರಗಿನಿಂದ ಒರೆಸಿ ನನ್ನ ಅಂಗೈಯಲ್ಲಿಟ್ಟಳು. ‘ತಗ, ಓಗಿ ಒಂದ್ ತೂತ್ ಒಡಿ. ಎಣ್ಣಿನ ಮನೆಗೆ ಓಗೋ ಗಂಡು ರಸ್ತೇಲಿ ನಿಂತ್ಕಬಾರ್ದು. ನಂದಾಯ್ತು ಬುಡು, ಸಾಕಾಗಷ್ಟು ಮುಂದೆ ಕೂತೆ.’

ಸಂಜೆಗೆ ಮೊದಲೇ ಮುಚ್ಚಳ ಬಿಚ್ಚಿ ತಂದು, ಕಲ್ಲಿನ ಮೇಲಿಟ್ಟು, ಮೊಳೆಯಿಂದ ಒಂದು ತೂತು ಹೊಡೆದೆ. ಕೊಳಾಯಿ ಬಿಟ್ಟು ನೋಡಿದರೆ ಡೀಸೆಲ್ ಸರಾಗವಾಗಿ ಇಳಿಯಿತು. ಕೆಲಸ ಸರಿಹೋದದ್ದಕ್ಕೆ ಅಷ್ಟು ಬೇಸರ ಪಟ್ಟುಕೊಂಡದ್ದು ಅದೇ ಮೊದಲು.

ಬೆಳಿಗ್ಗೆ ಎಲ್ಲರೂ ಹೊಸಬಟ್ಟೆ ಉಟ್ಟು ಗಾಡಿಯ ಹತ್ತಿರ ಸೇರಿದರು. ಪಕ್ಕದ ಮನೆಯ ಸೊಸೆ ಕೊಡ ಹಿಡಿದು ಸಿದ್ಧವಾಗಿ ನಿಂತಿದ್ದಳು. ನಾನು ಕೀಲಿ ತೆಗೆದುಕೊಂಡೆ. ಮುಂದಿನ ಸೀಟು ಖಾಲಿ. ಅವ್ವ ಗಾಡಿ ಹತ್ತದೆ ಸುತ್ತ ನೋಡಿದಳು. ‘ಅಕ್ಕಯ್ಯ ಎಲ್ಲಿ? ಅವ್ರಿಲ್ದೆ ಗಾಡಿ ಒಂಟದಾ? ಓಗಿ ಕರ್ಕಬಾ ಓಗ್ಲಾ!’

ಹಿತ್ತಿಲಲ್ಲಿ ಅತ್ತೆ ಹಳೆ ಸೀರೆಯಲ್ಲೇ ಕೂತು, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು.

‘ಅತ್ತೆ, ಬಾ. ಅವ್ವ ಕರೀತಾವ್ಳೆ.’

ಅವಳು ದನಿ ತಗ್ಗಿಸಿದಳು. ‘ತೂತು ಒಡೀನಿಲ್ವಾ?’

‘ಒಡ್ದೆ.’

‘ಮತ್ಯಾಕ್ಲಾ ಕರೀತಾವ್ಳೆ?’

ನಾನು ಅವಳ ಕೈಯಿಂದ ಪಾತ್ರೆ ಕಿತ್ತು ಪಕ್ಕಕ್ಕಿಟ್ಟೆ. ‘ಅವ್ರಿಗೆ ಗೊತ್ತಿಲ್ಲ. ನಾನೂ ಏಳಕಿಲ್ಲ. ನೀನ್ ಬಂದು ಕೂತ್ಕೊ ಅಷ್ಟೇ,’ ಎಂದೆ.

ಅವಳು ಸೀರೆ ಬದಲಿಸಿ ಬಂದಳು. ತುಂಬಿದ ಕೊಡದ ಮುಂದೆಯೇ, ಎಲ್ಲರ ಕಣ್ಣೆದುರೇ ಹಾದುಹೋಗಿ, ಮುಂದಿನ ಸೀಟಿನಲ್ಲಿ ಅವ್ವನ ಪಕ್ಕ ಕೂತಳು. ಅಪ್ಪ ಟವೆಲ್ ಕೊಡವಿಕೊಂಡು ಹಿಂದೆ ಹತ್ತಿದ.

ಗಾಡಿ ಎಲ್ಲೂ ನಿಲ್ಲಲಿಲ್ಲ. ಹುಣಸೂರು ದಾಟಿತು, ಕೆ.ಆರ್. ನಗರ ದಾಟಿತು. ಹಿಂದಿನಿಂದ ಅಪ್ಪ ಮೂಗಿನ ಟವೆಲ್ ಸರಿಸಿ ಕೂಗಿದ: ‘ನೋಡ್ದಾ! ಈಗ ಮುಚ್ಚಳ ತೆಗೆಯದೂ ಬ್ಯಾಡ. ಅಕ್ಕಯ್ಯ ಸುಮ್ಕೆ ಕೂತ್ರೇ ಸಾಕು, ಓಡ್ತದೆ!’

ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ನಗು ತಡೆದಳು. ಆಮೇಲೆ ಗಂಟಲು ಸರಿಮಾಡಿಕೊಂಡು, ಹಿಂದಿನವರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದಳು: ‘ಬರೋವಾಗ ಚುಂಚನಕಟ್ಟೆ ಮ್ಯಾಲೆ ಬರ್ಬೇಕು ಕಣ್ಲಾ. ಇಲ್ದಿದ್ರೆ ಗಾಡಿ ನಿಂತೋದಾತು.’

‘ಓಗ್ಲಾ, ಓಗು! ಅಕ್ಕಯ್ಯ ಏಳ್ದಂಗೆ ಕೇಳು,’ ಎಂದ ಅಪ್ಪ, ಗಾಬರಿಯಿಂದ.